ಮುಸ್ಕಾನ್ ಮುಟ್ಟದ ಮನೆಗಳು

ನನ್ನ ಮಗ ರಫೀಕ್ ತೀರಿಕೊಂಡ ಸುದ್ದಿ ಬಂದಾಗ ನಾನು ಇಳಿಹೊತ್ತಿನ ಅಸರ್ ನಮಾಜಿಗೆಂದು ಗ್ಯಾರೇಜಿನ ಹಿಂದಿನ ನಲ್ಲಿಯಲ್ಲಿ ಕೈಕಾಲು ತೊಳೆಯುತ್ತಿದ್ದೆ. ಫೋನು ಮಾಡಿದವರು ಬಿ.ಜಿ. ಕೆರೆಯ ಜಂಪಣ್ಣ.

"ಸಾಬ್ರೆ, ನನ್ನ ಗಾಡಿ ರೋಡಿನ ಪಕ್ಕ ನಿಂತೈತೆ. ಇಂಜಿನ್ ಚಾಲೂ ಐತೆ. ನಿಮ್ಮ ಮಗ ಒಳಗೆ ಕುಂತಾನೆ, ಮಾತಾಡ್ತಿಲ್ಲ."

"ನಿದ್ದೆ ಹತ್ತಿರಬೇಕು, ಎಬ್ಬಿಸ್ರಿ" ಎಂದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಇಂಜಿನ್ನಿನ ಸದ್ದು ಮಾತ್ರ ಕೇಳಿಸಿತು. ಎಲ್ಲಿಯೂ ತಡವರಿಸದ, ಸಮನಾದ ಸದ್ದು. ಆಮೇಲೆ ಜಂಪಣ್ಣ, "ಎಬ್ಬಿಸಿ ನೋಡ್ದೆ ಸಾಬ್ರೆ" ಎಂದರು.

ಎದೆಯ ಬೇನೆ ಎಂದರು ಡಾಕ್ಟರು. ಅವನಿಗಿನ್ನೂ ನಲವತ್ತು ತುಂಬಿರಲಿಲ್ಲ. ಏನೋ ಆಗುತ್ತಿದೆ ಎಂದು ತಿಳಿದವನು ಗಾಡಿಯನ್ನು ಎಡಕ್ಕೆ ತೆಗೆದುಕೊಂಡು, ಗೇರು ಬಿಡಿಸಿ, ಕೈಬ್ರೇಕು ಎಳೆದಿದ್ದನು. ಚಾವಿ ತಿರುಗಿಸಿ ಇಂಜಿನ್ ನಿಲ್ಲಿಸುವಷ್ಟು ಹೊತ್ತನ್ನು ಅಲ್ಲಾಹನು ಅವನಿಗೆ ಕೊಡಲಿಲ್ಲ.

ಆ ಗಾಡಿ ಒಂದು ಹಳೆಯ ಜಿಪ್ಸಿ. ಜಂಪಣ್ಣನವರ ಹೆಂಡತಿ ಯರ್ರಮ್ಮನವರಿಗೆ ಮೂತ್ರಪಿಂಡ ಕೆಟ್ಟಿದೆ. ವಾರಕ್ಕೆ ಎರಡು ಸಲ ಚಳ್ಳಕೆರೆಗೆ ಡಯಾಲಿಸಿಸ್‌ಗೆ ಕರೆತರಬೇಕು. ಹೋಗುವಾಗ ಹೇಗೋ ಬಸ್ಸು ಹತ್ತುತ್ತಾರೆ. ಬರುವಾಗ ಕಾಲು ನಿಲ್ಲುವುದಿಲ್ಲ. ಜಿಪ್ಸಿಯ ಇಂಜಿನ್ ಸತ್ತುಹೋದಾಗ ರಫೀಕ್ ಬೇರೊಂದು ಕಾರಿನ ಇಂಜಿನ್ ತಂದು ಕೂರಿಸಿದನು. ಅದಕ್ಕೆ ಪೆಟ್ರೋಲ್ ಅಳೆದು ಕೊಡುವ ಅದರದೇ ಕಂಪ್ಯೂಟರ್ ಸಿಗಲಿಲ್ಲ. ನಾವೇ ಲೆಕ್ಕ ಬರೆದು ತುಂಬಬಹುದಾದ ಒಂದು ಸಣ್ಣ ಪೆಟ್ಟಿಗೆಯನ್ನು ಹಾಕಿದನು. "ಒಂದು ತಿಂಗಳು ಕೊಡ್ರಿ, ಹೊಸಾ ಗಾಡಿ ಹಂಗೆ ಓಡಿಸಿ ನಿಮ್ಮ ಬಾಗಿಲಿಗೆ ತಂದು ನಿಲ್ಲಿಸ್ತೀನಿ. ನನ್ನ ಮಾತು" ಎಂದು ಜಂಪಣ್ಣನವರ ಕೈ ಹಿಡಿದು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಪಕ್ಕದಲ್ಲಿ ಕುಳಿತಿದ್ದ ಯರ್ರಮ್ಮ, "ಮದುವಣಗಿತ್ತಿ ಹಂಗೆ ಸಿಂಗಾರ ಮಾಡ್ತಾ ಕುಂತ್ಕಬ್ಯಾಡಪ್ಪ, ಮುದುಕಿ ಹಂಗಿದ್ರೂ ಕಳಿಸು, ನಾನೇ ಮುದುಕಿ ಅಲ್ವಾ" ಎಂದು ನಕ್ಕಿದ್ದರು.

ಆ ಲೆಕ್ಕ ಬರೆಯುವ ರೀತಿಯನ್ನು ಇಲ್ಲಿ ಹೇಳಬೇಕು. ಲ್ಯಾಪ್‌ಟಾಪಿನಲ್ಲಿ ಚೌಕಾಬಾರದ ಹಾಗೆ ಮನೆಗಳಿರುವ ಒಂದು ಪಟ್ಟಿ ತೆರೆಯುತ್ತದೆ. ಅಡ್ಡಕ್ಕೆ ಇಂಜಿನ್ನಿನ ವೇಗ, ಉದ್ದಕ್ಕೆ ಅದರ ಮೇಲಿನ ಭಾರ. ಯಾವ ವೇಗಕ್ಕೆ, ಯಾವ ಭಾರಕ್ಕೆ ಎಷ್ಟು ಪೆಟ್ರೋಲ್ ಎಂಬುದನ್ನು ಆಯಾ ಮನೆಯಲ್ಲಿ ಬರೆಯಬೇಕು. ಮೊದಲು ಅಂದಾಜಿಗೆ ತುಂಬುವುದು. ಆಮೇಲೆ ಗಾಡಿಯನ್ನು ರಸ್ತೆಗೆ ಒಯ್ಯುವುದು. ಸೈಲೆನ್ಸರ್ ಪೈಪಿಗೆ ಕೂರಿಸಿದ ಸೆನ್ಸರ್ ಹೊಗೆಯನ್ನು ನೋಡಿ, ಇಲ್ಲಿ ಪೆಟ್ರೋಲ್ ಸಾಲದು, ಇಲ್ಲಿ ಹೆಚ್ಚಾಯಿತು ಎಂದು ದಾರಿಯುದ್ದಕ್ಕೂ ಬರೆಸುತ್ತ ಹೋಗುತ್ತದೆ. ಮರಳಿ ಬಂದು ಅದನ್ನು ನೋಡಿ ಪಟ್ಟಿಯ ಒಂದೊಂದೇ ಮನೆಯನ್ನು ತಿದ್ದಿ ಮರುದಿನ ಮತ್ತೆ ಓಡಿಸುವುದು. ಓಡಿಸುತ್ತಿದ್ದವನು ರಫೀಕ್, ತಿದ್ದುತ್ತಿದ್ದವಳು ಅವನ ಹೆಂಡತಿ ಮುಸ್ಕಾನ್. ಅವಳು ಕಂಪ್ಯೂಟರ್ ಡಿಪ್ಲೊಮಾ ಓದಿದವಳು. ಸಂಜೆ ಇಬ್ಬರೂ ಅಡುಗೆಮನೆಯ ಹೊಸ್ತಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಜಗಳವಾಡುತ್ತಿದ್ದರು. ಕಾರ್ಬುರೇಟರಿನ ಕಾಲದ ಮೆಕ್ಯಾನಿಕ್ ನಾನು, ಸುಮ್ಮನೆ ಕೇಳುತ್ತಿದ್ದೆ.

ಅಂದು ರಫೀಕನನ್ನು ಬೇರೊಂದು ಗಾಡಿಯಲ್ಲಿ ಆಸ್ಪತ್ರೆಗೆ ತಂದರು. ಜಿಪ್ಸಿ ಅಲ್ಲೇ ಉಳಿಯಿತು. ಅದನ್ನು ಚಳ್ಳಕೆರೆಯ ನಮ್ಮ ಗ್ಯಾರೇಜಿಗೆ ಮುಟ್ಟಿಸಲು ಜಂಪಣ್ಣನವರ ಅಣ್ಣನ ಮಗ ಓಬಳೇಶನೂ ಇನ್ನಿಬ್ಬರೂ ಬಂದರು. ಜೀವ ಹೋದ ಸೀಟಿನಲ್ಲಿ ಕುಳಿತುಕೊಳ್ಳಲು ಯಾರೂ ಒಪ್ಪಲಿಲ್ಲ. ಅದು ಭಯವೂ ಹೌದು, ಮರ್ಯಾದೆಯೂ ಹೌದು. ಮುಂದಿನ ಚಕ್ರಗಳನ್ನು ಮೇಲೆತ್ತಿ ಟ್ರ್ಯಾಕ್ಟರಿನ ಹಿಂದಕ್ಕೆ ಬಿಗಿದು ಎಳೆದು ತಂದರು. ಹಿಂಭಾಗ ತಗ್ಗಿತ್ತು. ದಾರಿಯಲ್ಲಿ ತಳಕು ಎಂಬ ಊರಿನ ರಸ್ತೆಯ ಹಂಪುಗಳ ಮೇಲೆ ಸೈಲೆನ್ಸರ್ ಪೈಪು ನೆಲಕ್ಕೆ ಬಡಿಯಿತು. ಆ ಹೊಡೆತಕ್ಕೆ ಮುಂಭಾಗದಲ್ಲಿ, ಸೆನ್ಸರಿಗಿಂತ ಒಂದು ಗೇಣು ಮೊದಲು, ಪೈಪಿನ ಜಾಯಿಂಟು ಕೂದಲೆಳೆಯಷ್ಟು ಬಾಯಿ ಬಿಟ್ಟಿತು. ಆ ಸಂದಿನಿಂದ ಹೊರಗಿನ ಗಾಳಿ ಒಳಗೆ ಸೇರುತ್ತಿತ್ತು. ಗಾಳಿ ಕಂಡ ಸೆನ್ಸರು ಪೆಟ್ರೋಲ್ ಸಾಲದು ಎಂದೇ ಹೇಳುತ್ತದೆ. ಇದು ನಮಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಹೆಣ ಹೊತ್ತ ಜನಾಜಾ ಎದ್ದಾಗ ನಾನು ಜನರ ಮುಂದೆ ನಿಂತು ಕೇಳಿದೆ: "ನನ್ನ ಮಗನ ಮೇಲೆ ಯಾರದಾದರೂ ಹಕ್ಕು ಉಳಿದಿದ್ದರೆ ನನ್ನನ್ನು ಕೇಳಿ. ಇಲ್ಲವಾದರೆ ಅಲ್ಲಾಹನ ಸಲುವಾಗಿ ಮಾಫಿ ಮಾಡಿ." ನಮ್ಮಲ್ಲಿ ಹಾಗೆ ಕೇಳುವುದು ಪದ್ಧತಿ. ಜನರೆಲ್ಲ "ಮಾಫ್" ಎಂದರು. ಗೋಡೆಯ ಪಕ್ಕ ತಲೆಗೆ ಟವಲು ಕಟ್ಟಿಕೊಂಡು ಜಂಪಣ್ಣ ನಿಂತಿದ್ದರು. ಉರ್ದುವಿನಲ್ಲಿ ಕೇಳಿದ್ದು ಅವರಿಗೆ ತಿಳಿಯಲಿಲ್ಲ. ಅವರೊಬ್ಬರು ಏನೂ ಹೇಳಲಿಲ್ಲ. ಮಣ್ಣು ಹಾಕುವಾಗಲೂ ಆ ಮೌನವೇ ನನ್ನ ಎದೆಯಲ್ಲಿ ಇತ್ತು. ಒಪ್ಪಿಸಿಕೊಂಡ ವಸ್ತು ಅಮಾನತ್ತು, ಕಾಪಾಡಿ ಮರಳಿಸಲೇಬೇಕಾದದ್ದು. ಕೊಟ್ಟ ಮಾತು ಅದಕ್ಕಿಂತ ಹೆಚ್ಚು. ಅದು ತೀರದೆ ಹೋದರೆ ಸತ್ತವನ ಆತ್ಮ ತೂಗಾಡುತ್ತಲೇ ಇರುತ್ತದೆ ಎಂದು ನಾನು ಚಿಕ್ಕಂದಿನಿಂದ ಕೇಳಿದವನು.

ಮೂರನೆಯ ದಿನ ಕಬರಿನ ಬಳಿ ಮಾಡುವ ಜಿಯಾರತ್ ಮುಗಿದ ಮೇಲೆ ಜಂಪಣ್ಣ ಬಂದರು.

"ಇಂಥ ಹೊತ್ನಾಗೆ ಕೇಳಬಾರ್ದು. ಗಾಡಿ ಹಂಗೇ ಒಯ್ದುಬಿಡ್ಲಾ ಸಾಬ್ರೆ? ಬಳ್ಳಾರಿ ಕಡೆ ಯಾರಾದ್ರೂ ಮಾಡಿಕೊಡ್ತಾರೇನೋ ನೋಡ್ತೀನಿ."

"ಒಯ್ಯಬ್ಯಾಡ್ರಿ. ಅವನು ಮಾತು ಕೊಟ್ಟಾನೆ. ಅವನ ಚಾಲೀಸ್ವಾಂ ಒಳಗೆ ನಾನೇ ಮಾಡಿ ಕೊಡ್ತೀನಿ" ಎಂದೆ. ಚಾಲೀಸ್ವಾಂ ಎಂದರೆ ನಲವತ್ತನೆಯ ದಿನ ಸತ್ತವರಿಗಾಗಿ ಓದಿಸುವ ಫಾತೆಹಾ ಪ್ರಾರ್ಥನೆ.

ಅವರು ನನ್ನ ಕೈಗಳನ್ನು ನೋಡಿದರು. "ನಿಮ್ಮ ಕೈಲಿ ಆಗ್ತೈತಾ?"

"ಅಲ್ಲಾಹ್ ಮಾಡಿಸ್ತಾನೆ."

ಮುಸ್ಕಾನ್ ಇದ್ದತ್ತಿನಲ್ಲಿದ್ದಳು. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ. ಒಳಗೆ ಕುಳಿತು ಕೆಲಸ ಮಾಡಬಹುದೇ ಎಂದು ಮಸೀದಿಯ ಹಜರತರನ್ನು ಕೇಳಿದೆ. ಮನೆಬಿಟ್ಟು ಹೋಗದಿದ್ದರೆ ಅಡ್ಡಿಯಿಲ್ಲ ಎಂದರು. ಅಂದಿನಿಂದ ನಾನು ಓಡಿಸುವುದು, ಅವಳು ತಿದ್ದುವುದು ಎಂದಾಯಿತು. ಅವಳಿಗೆ ಇಂಜಿನ್ನಿನ ಸದ್ದು ಕೇಳಿಸದು. ನನಗೆ ಆ ಮನೆಗಳ ಅಂಕಿ ಓದಲು ಬಾರದು.

ಬೆಳಿಗ್ಗೆ ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿ ಕೊಡುತ್ತಿದ್ದಳು. ಅದನ್ನು ಪಕ್ಕದ ಸೀಟಿಗೆ ಬೆಲ್ಟು ಹಾಕಿ ಕೂರಿಸಿ, ಅವಳು ತೋರಿಸಿಕೊಟ್ಟ ಗುಂಡಿ ಒತ್ತಿ ಹೊರಡುತ್ತಿದ್ದೆ. ಎಣ್ಣೆ ಮಿಲ್ಲುಗಳನ್ನು ದಾಟಿ ತಳಕಿನವರೆಗೆ, ಕೆಲವು ದಿನ ಇನ್ನೂ ಮುಂದೆ. ಮೊದಲ ದಿನ ಆ ಸೀಟಿನಲ್ಲಿ ಕುಳಿತಾಗ ಬಿಸ್ಮಿಲ್ಲಾ ಎಂದದ್ದೇ, ಬೇರೇನೂ ಬಾಯಿಗೆ ಬರಲಿಲ್ಲ. ಪಕ್ಕದ ಶೆಡ್ಡಿನಲ್ಲಿ ಸೈಲೆನ್ಸರ್ ಬೆಸೆಯುವ ಅಫ್ಸರ್, ರಫೀಕನ ಓರಗೆಯವನು, ನನ್ನನ್ನು ನಗಿಸಲು ನೋಡುತ್ತಿದ್ದನು. "ಚಾಚಾ, ಆ ಕಂಪ್ಯೂಟ್ರನ್ನ ಹಂಗೆ ದುರುಗುಟ್ಟಿ ನೋಡಬ್ಯಾಡಿ, ಹೆದರ್ಕೊಂಡು ತಪ್ಪು ಲೆಕ್ಕ ಬರೀತೈತೆ" ಎನ್ನುತ್ತಿದ್ದನು. ನಮ್ಮೊಳಗಿನ ಮಾತು ಉರ್ದುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಓಣಿಯ ಹೆಂಗಸೊಬ್ಬಳು ನನ್ನ ಹೆಂಡತಿ ಸಕೀನಾ ಬೀಯನ್ನು ಕೇಳಿದಳಂತೆ, ಇದ್ದತ್ತಿನಲ್ಲಿ ಕುಳಿತವಳಿಗೆ ಕಂಪ್ಯೂಟರ್ ಯಾಕೆ ಎಂದು. "ಕಂಪ್ಯೂಟ್ರೇನು ಗಂಡಸಾ? ಗಡ್ಡ ಐತಾ ಅದಕ್ಕೆ?" ಎಂದು ಸಕೀನಾ ಬೀ ಬಾಗಿಲು ಮುಚ್ಚಿದಳು. ಆಮೇಲೆ ಒಳಗೆ ಬಂದು ಅತ್ತಳು.

ಸಂಜೆ ನಾನು ಬಂದೊಡನೆ ಮುಸ್ಕಾನ್ ಕೇಳುತ್ತಿದ್ದಳು. ಅವಳು ನನ್ನನ್ನು ಕರೆಯುವುದು ಮಾಮು ಎಂದು.

"ಹೆಂಗೆ ಓಡ್ತು ಮಾಮು?"

"ತಳಕು ದಾಟಿದ ಮ್ಯಾಲೆ ಭಾರ ಅನ್ನಿಸ್ತು. ಕಾಲು ಒತ್ತಿದ್ರೆ ತಡ ಮಾಡಿ ಏಳ್ತೈತೆ."

ಅವಳು ಗೆರೆಗಳನ್ನು ಎಳೆದೆಳೆದು ನೋಡುತ್ತಿದ್ದಳು. "ಪೆಟ್ರೋಲ್ ಸಾಲ್ತಿಲ್ಲ. ಇಲ್ಲೆಲ್ಲ ಕಡಿಮೆ ತೋರಿಸ್ತೈತೆ. ಇನ್ನೊಂದಿಷ್ಟು ಏರಿಸ್ತೀನಿ."

ಮರುದಿನ ಸ್ವಲ್ಪ ಮೇಲು ಎನ್ನಿಸಿತು. ಅದರ ಮರುದಿನ ಮತ್ತೆ ಭಾರ. ಅವಳು ಮತ್ತೆ ಏರಿಸಿದಳು. ಹೀಗೆ ವಾರಗಳು ಹೋದವು. ಲೆಕ್ಕ ಮಾತ್ರ ದಿನದಿನಕ್ಕೆ ಅವಳು ಬೇಕೆಂದ ಕಡೆಗೆ ಬರುತ್ತಿತ್ತು. ಸುಳ್ಳು ಹೇಳುವವನ ಮಾತಿಗೆ ನಾವು ದಿನವೂ ಪೆಟ್ರೋಲ್ ಸುರಿಯುತ್ತಿದ್ದೆವು.

ಒಂದು ದಿನ ಇಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಅಭ್ಯಾಸಬಲ. ಪೆಟ್ರೋಲ್ ಕಡಿಮೆಯಾದರೆ ಪ್ಲಗ್ಗಿನ ತುದಿ ಬೆಳ್ಳಗಾಗುತ್ತದೆ, ಹೆಚ್ಚಾದರೆ ಕಪ್ಪಾಗುತ್ತದೆ. ನಾಲ್ಕೂ ಪ್ಲಗ್ಗು ಮಸಿಯಂತೆ ಕಪ್ಪಾಗಿ ಒದ್ದೆಯಾಗಿದ್ದವು. ಇಂಜಿನ್ ಆಯಿಲ್ಲಿನ ಕಡ್ಡಿ ಎಳೆದು ಮೂಸಿದೆ. ಪೆಟ್ರೋಲಿನ ವಾಸನೆ ಇತ್ತು. ಸಂಜೆ ಹೇಳಿದೆ.

"ಪ್ಲಗ್ಗು ಕಪ್ಪಗಾಗ್ಯಾವಮ್ಮ."

ಅವಳು ತಲೆಯೆತ್ತಲಿಲ್ಲ. "ಅವರ ಮಶೀನು ಕಡಿಮೆ ಅಂತೈತೆ ಮಾಮು."

"ನನ್ನ ಕಣ್ಣಿಗೆ ಹೆಚ್ಚು ಅಂತ ಕಾಣ್ತೈತೆ."

"ಅವರು ಯಾವತ್ತಾದ್ರೂ ಪ್ಲಗ್ ನೋಡಿ ಲೆಕ್ಕ ಬರೆದಿದ್ರಾ?"

"ಇಲ್ಲ."

"ಮತ್ತೆ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆ ಇತ್ತು. ರಫೀಕನ ಯಂತ್ರ ಸುಳ್ಳಾದರೆ ಅವಳಿಗೆ ಅವನಿಂದ ಉಳಿಯುವುದೇನು? ನನಗಾದರೂ ಏನು? ನಾನು ಪ್ಲಗ್ಗುಗಳನ್ನು ಒರೆಸಿ ಮತ್ತೆ ಕೂರಿಸಿದೆ, ಆಯಿಲ್ ಬದಲಿಸಿದೆ. ಮತ್ತೆ ಆ ಮಾತು ಎತ್ತಲಿಲ್ಲ.

ಇನ್ನೊಂದು ಸಂಜೆ ಅವಳು ಪಟ್ಟಿಯ ಎಡಮೂಲೆಯ ಮನೆಗಳ ಮೇಲೆ ಬೆರಳಿಟ್ಟು ತೋರಿಸಿದಳು.

"ಇವು ಗಾಡಿ ನಿಂತಲ್ಲೇ ಓಡುವಾಗಿನ ಮನೆ ಮಾಮು. ಇಷ್ಟು ಚೆನ್ನಾಗಿ ಬೇರೆ ಯಾವ ಮನೇನೂ ಬಂದಿಲ್ಲ. ಅವತ್ತು ಜಂಪಣ್ಣ ಬರೋವರ್ಗೂ ಓಡ್ತಾನೇ ಇತ್ತಲ್ಲ. ಅಷ್ಟೂ ಹೊತ್ತು ಬರ್ಕೊಂಡೈತೆ."

ನಾನು ನೋಡಿದೆ. ಏರಿಳಿತವಿಲ್ಲದ ಒಂದು ನೇರ ಗೆರೆ. ಅದರ ಯಾವ ಜಾಗದಲ್ಲಿ ನನ್ನ ಮಗ ಇದ್ದನು, ಯಾವ ಜಾಗದಿಂದ ಇರಲಿಲ್ಲ ಎಂಬುದು ಅದರಲ್ಲಿ ಕಾಣುವುದಿಲ್ಲ.

"ಈ ಮನೆಗಳ ಲೆಕ್ಕ ನಾನು ತೆಗೆಯೋದೇ ಇಲ್ಲ. ಹೊಸಾ ಓಟದ್ದೂ ಇಲ್ಲಿ ನೋಡಲ್ಲ. ಇದು ಅವರೇ ಬರೆದಿದ್ದು. ನಾನು ಮುಟ್ಟಲ್ಲ."

"ಮುಟ್ಟಬ್ಯಾಡಮ್ಮ" ಎಂದೆ.

ಅದರಿಂದ ಗಾಡಿ ನಿಂತಲ್ಲಿ ಮಗುವಿನ ಉಸಿರಿನಂತೆ ಓಡುತ್ತಿತ್ತು. ಗ್ಯಾರೇಜಿಗೆ ಬಂದವರೆಲ್ಲ ಅದನ್ನೇ ಕೇಳಿ, ರಫೀಕನ ಕೈ ಎಂದರೆ ಕೈ ಎನ್ನುತ್ತಿದ್ದರು. ನಾನೂ ಅದನ್ನೇ ನಂಬಿಕೊಂಡು ಮಲಗುತ್ತಿದ್ದೆ.

ಚಾಲೀಸ್ವಾಂಗೆ ಎರಡು ದಿನ ಇರುವಾಗ ಮುಸ್ಕಾನ್, "ಎಲ್ಲಾ ಮನೆ ಸರಿ ಬಂದ್ವು ಮಾಮು, ಇನ್ನು ಕೊಟ್ಟುಬಿಡಿ" ಎಂದಳು. ಅವಳು ಅಂದು ಪೂರ್ತಿ ಒಂದು ರೊಟ್ಟಿ ತಿಂದಳು ಎಂದು ಸಕೀನಾ ಬೀ ನನಗೆ ಹೇಳಿದಳು.

ಮರುದಿನ ಬೆಳಿಗ್ಗೆ ಹೊರಟೆ. ಅದು ಯರ್ರಮ್ಮನವರ ಆಸ್ಪತ್ರೆಯ ದಿನ. "ನೀವು ಬಸ್ಸಿಗೆ ಹೋಗಬ್ಯಾಡ್ರಿ, ಗಾಡಿ ತರ್ತೀನಿ, ಅದರಾಗೇ ಬರೋಣ" ಎಂದು ಫೋನು ಮಾಡಿದ್ದೆ. ಅಫ್ಸರ್ ಗಾಡಿಯನ್ನು ತೊಳೆದು ನಿಲ್ಲಿಸಿದ್ದನು. ತಳಕು ದಾಟಿದ ಮೇಲೆ ಇಂಜಿನ್ನಿನ ಕೆಳಗಿನಿಂದ ಟಕಟಕ ಎಂಬ ಸದ್ದು ಎದ್ದಿತು. ಆಯಿಲ್ಲಿನ ಕೆಂಪು ದೀಪ ಹತ್ತಿತು. ಪಕ್ಕಕ್ಕೆ ತೆಗೆದುಕೊಳ್ಳುವಷ್ಟರಲ್ಲಿ ಒಂದು ಸಲ ಕಿರ್ರೆಂದು ಕಚ್ಚಿಕೊಂಡು ನಿಂತುಹೋಯಿತು. ಚಾವಿ ತಿರುಗಿಸಿದರೆ ಕಟ್ ಎಂಬ ಸದ್ದು ಬಿಟ್ಟರೆ ಬೇರೇನಿಲ್ಲ. ಐವತ್ತು ವರ್ಷ ಈ ಕೆಲಸ ಮಾಡಿದವನಿಗೆ ಇಂಜಿನ್ ಸತ್ತಿತು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಜಂಪಣ್ಣನವರಿಗೆ ಫೋನು ಮಾಡಿ ಬಸ್ಸಿಗೆ ಹತ್ತಿ ಎಂದೆ.

ಬಹಳ ಹೊತ್ತಾದ ಮೇಲೆ ಬಸ್ಸು ಬಂತು. ಗಾಡಿಯನ್ನು ಕಂಡು ಜಂಪಣ್ಣನವರೇ ನಿಲ್ಲಿಸಿರಬೇಕು. ಕಿಟಕಿಯಲ್ಲಿ ಯರ್ರಮ್ಮನವರ ಊದಿದ ಮುಖ ಕಾಣಿಸಿತು.

"ಬಿಸಿಲಾಗೆ ನಿಂತ್ಕಬ್ಯಾಡ್ರಿ ಸಾಬ್ರೆ, ಹತ್ರಿ."

ಹತ್ತಿದೆ. ಸೀಟು ಇರಲಿಲ್ಲ. ಅವರ ಪಕ್ಕದಲ್ಲೇ ಕಂಬಿ ಹಿಡಿದು ಚಳ್ಳಕೆರೆಯವರೆಗೆ ನಿಂತೆ. ಜಂಪಣ್ಣ ಕಿಟಕಿಯ ಹೊರಗೆ ನೋಡುತ್ತಿದ್ದರು.

"ಒಂದು ಮಾತಾದ್ರೂ ಆಡಬಾರ್ದಾ?" ಎಂದು ಯರ್ರಮ್ಮ ಗಂಡನಿಗೆ ಹೇಳಿದರು.

"ಏನ್ ಆಡ್ಲಿ? ಬಿಸಿಲು ಜಾಸ್ತಿ ಐತೆ ಅನ್ಲಾ?"

ಇಳಿಯುವಾಗ ನಾವಿಬ್ಬರೂ ಆಕೆಯನ್ನು ಎರಡು ಕಡೆ ಹಿಡಿದು ಮೆಟ್ಟಿಲು ಇಳಿಸಿದೆವು. ಮೈ ಭಾರವಿತ್ತು, ತೋಳು ಕಡ್ಡಿಯಂತಿತ್ತು.

ಅಂದು ಸಂಜೆಯೇ ಅಫ್ಸರ್ ಗಾಡಿಯನ್ನು ಎಳೆಸಿ ತಂದು ಇಂಜಿನ್ನಿನ ಅಡಿ ಬಿಚ್ಚಿದನು. ಉರಿಯದೆ ಉಳಿದ ಪೆಟ್ರೋಲ್ ಇಳಿದಿಳಿದು ಆಯಿಲ್ ನೀರಾಗಿತ್ತು, ನಾರುತ್ತಿತ್ತು. ಬೇರಿಂಗುಗಳು ಸುಟ್ಟು ಅಂಟಿಕೊಂಡಿದ್ದವು. ಸಿಲಿಂಡರಿನ ಗೋಡೆ ಸವೆದು ಗೀರು ಬಿದ್ದಿತ್ತು. ಪೈಪು ಕಳಚುವಾಗ ಅವನ ಕೈ ನಿಂತಿತು.

"ಚಾಚಾ, ಇಲ್ಲಿ ನೋಡಿ. ಜಾಯಿಂಟಿನ ಸುತ್ತ ಮಸಿ. ಇದು ಎಂದಿನಿಂದಲೋ ಬಾಯಿ ಬಿಟ್ಟೈತೆ. ಕೆಳಗೆ ಪೈಪು ತರಚೈತೆ. ನಾನೇ ಬೆಸೆದ ಪೈಪು, ಒಂದ್ಸಲ ಬಗ್ಗಿ ನೋಡ್ಲಿಲ್ಲ." ಅವನು ನೆಲದ ಮೇಲೆ ಕುಳಿತುಬಿಟ್ಟನು.

ಹಳೆಯ ಇಂಜಿನ್ ಮತ್ತೊಂದು ಹುಡುಕಬಹುದು. ಕೂರಿಸಬಹುದು. ಅದಕ್ಕೆ ಲೆಕ್ಕ ಬರೆಯುವವರು ಯಾರು?

ಮುಸ್ಕಾನ್‌ಗೆ ಹೇಳಬಾರದು ಎಂದುಕೊಂಡಿದ್ದೆ. ಅವಳು ಕೇಳಿದಳು, ನಾನು ಹೇಳಿದೆ. ಅವಳು ಲ್ಯಾಪ್‌ಟಾಪ್ ತೆರೆದು, ಅಷ್ಟು ದಿನ ನೋಡದೆ ಬಿಟ್ಟಿದ್ದ ಎಡಮೂಲೆಯ ಮನೆಗಳಲ್ಲಿ ನನ್ನ ಮೊದಲ ದಿನದ ಓಟದ ಲೆಕ್ಕವನ್ನು ತೆಗೆದಳು. ಪಕ್ಕದಲ್ಲಿ ರಫೀಕನದನ್ನು ಇಟ್ಟಳು. ಅದೇ ಇಂಜಿನ್ನು, ಅದೇ ಅಂಕಿ. ಅವನದು ಸರಿ ಎನ್ನುತ್ತಿತ್ತು, ನನ್ನದು ಸಾಲದು ಎನ್ನುತ್ತಿತ್ತು.

"ಮೊದಲ ದಿನವೇ ಇಲ್ಲಿ ಇತ್ತು ಮಾಮು. ಇದೊಂದು ನೋಡಿದ್ರೆ ಸೆನ್ಸರ್ ಕೆಟ್ಟೈತೆ ಅಂತ ಗೊತ್ತಾಗ್ತಿತ್ತು. ಅವರು ಹೇಳೇ ಹೋಗಿದ್ರು. ನಾನು ಕೇಳ್ಲಿಲ್ಲ."

"ನಾನು ಮುಟ್ಟಬ್ಯಾಡ ಅಂದೆನಲ್ಲಮ್ಮ."

ಅವಳು ಅದನ್ನು ಮುಚ್ಚಿ, ಬಟ್ಟೆ ಸುತ್ತಿ, ನನ್ನ ಕೈಗೆ ಕೊಟ್ಟು ಗೋಡೆಯ ಕಡೆಗೆ ತಿರುಗಿ ಮಲಗಿದಳು. ಹೊಸ್ತಿಲು ದಾಟುವ ದಿನ ಬಂದಾಗ ದಾಟುವ ಮನಸ್ಸು ಅವಳಿಗೆ ಇರುತ್ತದೆಯೋ ಇಲ್ಲವೋ, ನನಗೆ ತಿಳಿಯದು.

ಚಾಲೀಸ್ವಾಂ ದಿನ ಜಂಪಣ್ಣ ಬಂದರು. ಬರಲಾರರು ಎಂದುಕೊಂಡಿದ್ದೆ. ಫಾತೆಹಾ ಮುಗಿಯುವವರೆಗೆ ಅಂಗಳದಲ್ಲಿ ಕುಳಿತಿದ್ದು, ಕೊಟ್ಟ ಊಟವನ್ನು ಮರ್ಯಾದೆಗೆ ಎರಡು ತುತ್ತು ತಿಂದರು. ಕೈ ತೊಳೆಯಲು ನಾನೇ ನೀರು ಹಾಕಿದೆ. ಈ ಸಲ ಕನ್ನಡದಲ್ಲಿಯೇ ಕೇಳಿದೆ.

"ಜಂಪಣ್ಣನೋರೇ, ನನ್ನ ಮಗ ನಿಮಗೆ ಕೊಟ್ಟ ಮಾತು ತೀರದೆ ಉಳೀತು. ಅವನಿಗೆ ಉಳಿಸ್ಕೊಳ್ಳಾಕೆ ಆಗ್ಲಿಲ್ಲ, ನಾನು ಕೆಡಿಸ್ದೆ. ಅವನನ್ನ ಬಿಟ್ಟುಬಿಡ್ರಿ. ಮಾಫಿ ಮಾಡೀನಿ ಅಂತ ಒಂದು ಮಾತು ಅನ್ರಿ. ನಮ್ಮಲ್ಲಿ ಅದು ಬೇಕು."

ಅವರು ಟವಲಿನಿಂದ ಬಹಳ ಹೊತ್ತು ಕೈ ಒರೆಸಿಕೊಂಡರು.

"ಸತ್ತೋನ ಮ್ಯಾಲೆ ನಂಗೆ ಸಿಟ್ಟಿಲ್ಲ ಸಾಬ್ರೆ. ಒಳ್ಳೆ ಹುಡುಗ. ಈ ಕೈಯಾಗೇ ಅವನನ್ನ ಆ ಸೀಟಿಂದ ಇಳಿಸೀನಿ. ಆದ್ರೆ ನೀವು ಕೇಳೋ ಮಾತು ದೇವ್ರ ಮುಂದೆ ನಿಲ್ಲೋ ಮಾತು ಅಲ್ವಾ? ನಿನ್ನೆ ಊರಿಗೆ ಬರುವಾಗ ಬಸ್ಸಿನ ಮೆಟ್ಟಿಲ ಮ್ಯಾಲೆ ಅವಳು ಕುಸಿದು ಕುಂತ್ಲು. ಕಂಡಕ್ಟರು ಬೇಗ ಬೇಗ ಅಂತಿದ್ದ. ಆವಾಗ ನನ್ನ ಬಾಯಾಗೆ ಬಂದ ಹೆಸರು ರಫೀಕಂದು. ಒಳ್ಳೆ ಮಾತಾಗಿ ಬರ್ಲಿಲ್ಲ. ನಾಳೆನೂ ಹಂಗೇ ಬರ್ತೈತೆ. ಈಗ ಬಿಟ್ಟೆ ಅಂತ ಹೆಂಗೆ ಅನ್ಲಿ? ಸುಳ್ಳಾಗ್ತೈತೆ. ನಿಮ್ಮ ಮಗನ ಹೆಸರಿನಾಗೆ ಸುಳ್ಳು ಹೇಳ್ಲಾ?"

"ಬ್ಯಾಡ" ಎಂದೆ.

"ಬರ್ತೀನಿ. ಬಸ್ಸಿನ ಹೊತ್ತಾತು" ಎಂದು ಎದ್ದರು. ಬಾಗಿಲವರೆಗೆ ಹೋಗಿ ಕಳಿಸಿದೆ. ಅವರ ಮೇಲೆ ನನಗೆ ಯಾವ ಬೇಸರವೂ ಇಲ್ಲ. ನೇರವಾದ ಮನುಷ್ಯ.

ಹೊತ್ತು ಮುಳುಗಿದಾಗಿನ ಮಗ್ರಿಬ್ ನಮಾಜಿನ ನಂತರ ಕಬರಸ್ತಾನಕ್ಕೆ ಹೋಗಿ ರಫೀಕನ ಕಾಲ ಕಡೆ ನಿಂತು ಕೈಯೆತ್ತಿದೆ.

ಯಾ ಅಲ್ಲಾಹ್, ರಫೀಕ್ ನಿನ್ನ ಬಳಿಗೆ ಬಂದಿದ್ದಾನೆ, ಅವನ ಮಾತು ಇಲ್ಲಿ ತೀರದೆ ಉಳಿದಿದೆ. ಅದನ್ನು ಅವನ ಲೆಕ್ಕದಿಂದ ತೆಗೆದು ನನ್ನ ಲೆಕ್ಕಕ್ಕೆ ಹಾಕು. ಕೇಳುವುದನ್ನು ನನ್ನನ್ನು ಕೇಳು. ಯರ್ರಮ್ಮನಿಗೆ ಮೆಟ್ಟಿಲು ಹತ್ತುವಷ್ಟು ಕಾಲಿನ ಬಲ ಕೊಡು. ಜಂಪಣ್ಣನ ನಾಲಿಗೆಯ ಮೇಲೆ ನನ್ನ ಮಗನ ಹೆಸರು ಬಂದಾಗ, ಅದಕ್ಕಾಗಿ ರಫೀಕನನ್ನು ನಿನ್ನ ಬಾಗಿಲಲ್ಲಿ ತಡೆದು ನಿಲ್ಲಿಸಬೇಡ. ಒಳಗೆ ಕುಳಿತಿರುವ ಆ ಹೆಣ್ಣುಮಗಳನ್ನು ನೋಡಿಕೋ. ನನ್ನ ಮಗನ ಕಬರನ್ನು ಅಗಲ ಮಾಡು, ಅಲ್ಲಿ ಕತ್ತಲೆ ಇರದಂತೆ ಮಾಡು, ಅವನ ಎದೆಯ ಬೇನೆಯನ್ನು ತೆಗೆದುಹಾಕು. ಅವನಿಗೆ ಶಾಂತಿ ಕೊಡು. ಆಮೀನ್.